ಮಾವನವರ ಪೇಟಿಯ ಗಾಂಧಾರ

ಮರೆಗುಳಿಗಳನ್ನು ಜಗತ್ತು ಬೇಗ ಕ್ಷಮಿಸುತ್ತದೆ. ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟು ಬಂದವನಿಗೆ, ಬೆಲ್ಲ ತಾ ಅಂದರೆ ಬಟ್ಟೆ ಸಾಬೂನು ತಂದವನಿಗೆ ಒಂದು ಬೈಗುಳ, ಒಂದು ನಗೆ, ಅಲ್ಲಿಗೆ ಮುಗಿಯಿತು. ನನ್ನ ತೊಂದರೆ ಅದಲ್ಲ. ನನಗೆ ಎಲ್ಲವೂ ನೆನಪಿರುತ್ತದೆ. ಯಾರು ಎಲ್ಲಿ ಕೂತಿದ್ದರು, ಯಾವ ಬಣ್ಣದ ಅಂಗಿ ಹಾಕಿದ್ದರು, ಚಹಾಕ್ಕೆ ಸಕ್ಕರೆ ಕಡಿಮೆಯಾಗಿತ್ತೋ ಹೆಚ್ಚಾಗಿತ್ತೋ, ಎಲ್ಲ. ಆದರೆ ನಡೆದದ್ದು ಹಾಗಲ್ಲ ಎಂದು ಅಲ್ಲಿ ಇದ್ದ ಉಳಿದವರೆಲ್ಲ ಹೇಳುತ್ತಾರೆ. ಹೆಣ್ಣು ನೋಡಲು ಗುಳೇದಗುಡ್ಡಕ್ಕೆ ಹೋದ ದಿನ ನೀಲಮ್ಮ ಹಸಿರು ಸೀರೆ ಉಟ್ಟಿದ್ದಳೆಂಬುದು ನನಗೆ ಎಷ್ಟು ಖಚಿತವೆಂದರೆ, ಅದರ ಅಂಚನ್ನೂ ಬರೆದು ತೋರಿಸಬಲ್ಲೆ. ಆಕೆ ಮದುವೆಗೆ ಮುಂಚೆ ಹಸಿರು ಸೀರೆ ಉಟ್ಟೇ ಇಲ್ಲವಂತೆ. "ನೀವು ಆವತ್ತ ಯಾರ ಮನಿಗೆ ಹೋಗಿ ಯಾರನ್ನ ನೋಡಿ ಬಂದಿದ್ರೋ ಏನೋ" ಎನ್ನುತ್ತಾಳೆ. ಆ ದಿನದ ಫೋಟೋ ಒಂದಿದೆ. ಅದು ಕಪ್ಪು ಬಿಳುಪಿನದು.

ಇದು ಬೇರೆ ಯಾರಿಗಾದರೂ ಆಗಿದ್ದರೆ ತೊಂದರೆಯಿರಲಿಲ್ಲ. ನಾನು ಹುನಗುಂದದ ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಧಾರವಾಡದಲ್ಲಿ ಎಂ.ಎ. ಓದುವಾಗ ನಮ್ಮ ಗುರುಗಳು ತಲೆಗೆ ತುಂಬಿದ್ದು ಒಂದೇ ಮಾತು: ಸಾಕ್ಷ್ಯ ಇಲ್ಲದೆ ಏನನ್ನೂ ನಂಬಬೇಡ, ಸಾಕ್ಷ್ಯ ಸಿಕ್ಕಮೇಲೆ ಆ ಸಾಕ್ಷ್ಯವನ್ನೂ ಒಮ್ಮೆ ಅನುಮಾನಿಸು. ಅದನ್ನೇ ನಾನು ಪ್ರತಿ ಜೂನ್ ತಿಂಗಳು ಹೊಸ ಹುಡುಗರಿಗೆ ಹೇಳುತ್ತಿದ್ದೆ. ಜೊತೆಗೆ ನನ್ನದೊಂದು ಮಾತು ಸೇರಿಸುತ್ತಿದ್ದೆ: "ಕೇಳಿದ್ದನ್ನು ನಂಬಬೇಡಿ, ಮಾಡಿ ನೋಡಿ." ಹುಡುಗರು ನನಗೆ 'ಸಾಕ್ಷಿ ಸರ್' ಎಂದು ಹೆಸರಿಟ್ಟಿದ್ದರು. ಪಟ್ಟದಕಲ್ಲಿನ ಶಾಸನದ ಮುಂದೆ ನಿಂತು, ಸಾವಿರದ ಇನ್ನೂರು ವರ್ಷದ ಹಿಂದಿನ ಅರಸನೊಬ್ಬ ಎಲ್ಲಿ ನಿಜ ಹೇಳಿದ್ದಾನೆ, ಎಲ್ಲಿ ಜಂಬ ಕೊಚ್ಚಿಕೊಂಡಿದ್ದಾನೆ ಎಂದು ಬೆರಳಿಟ್ಟು ತೋರಿಸುತ್ತಿದ್ದವನು ನಾನು. ಅಂಥವನಿಗೆ ಹೋದ ಮಂಗಳವಾರ ತಾನು ಏನು ಅಂದೆ ಎನ್ನುವುದರಲ್ಲಿ ವಾದ ಬಿದ್ದರೆ ಅದಕ್ಕಿಂತ ಮುಜುಗರ ಇನ್ನೇನಿದೆ? ಇಲ್ಲಿ ಹೇಳಹೊರಟಿರುವುದು ಅಂಥದೇ ಒಂದು ಮಂಗಳವಾರದ ಸಂಗತಿ. ಬುಧವಾರವೂ ಇರಬಹುದು.

ನೀಲಮ್ಮನ ತಂದೆ ನಾಟಕ ಕಂಪನಿಯೊಂದರಲ್ಲಿ ಪೇಟಿ ಮಾಸ್ತರರಾಗಿದ್ದವರು. ಪೇಟಿ ಅಂದರೆ ನಮ್ಮ ಕಡೆ ಹಾರ್ಮೋನಿಯಂ. ಕಂಪನಿ ಮುಚ್ಚಿದ ಮೇಲೆ ಅವರು ಗುಳೇದಗುಡ್ಡದಲ್ಲಿ ಹೆಣ್ಣುಮಕ್ಕಳಿಗೆ ವಚನಗಳನ್ನು ಹಾಡಲು ಕಲಿಸುತ್ತ ಕೊನೆಯವರೆಗೂ ಕಳೆದರು. ಅವರು ತೀರಿಕೊಂಡಾಗ ಗಂಡುಮಕ್ಕಳು ಮನೆ ಹೊಲ ಹಂಚಿಕೊಂಡರು, ನೀಲಮ್ಮ ಪೇಟಿ ತಂದಳು. ಬಸ್ಸಿನ ಮೇಲೆ ಹಾಕಲು ಒಪ್ಪದೆ ತೊಡೆಯ ಮೇಲೆ ಇಟ್ಟುಕೊಂಡು ತಂದಳು. ಆ ಪೇಟಿಯ ಕೆಲವು ಬಿಳಿ ಪಟ್ಟಿಗಳು ಅವರ ಬೆರಳಿಗೆ ಸವೆದು ಹಳ್ಳವಾಗಿದ್ದವು. ಆ ಹಳ್ಳದಲ್ಲಿ ತನ್ನ ಬೆರಳಿಟ್ಟರೆ ಅಪ್ಪ ಕೈ ಹಿಡಿದಂತೆ ಆಗುತ್ತದೆ ಎಂದು ಆಕೆ ಒಮ್ಮೆ ಹೇಳಿದ್ದಳು. ಒಮ್ಮೆಯೇ ಹೇಳಿದ್ದು. ಇದಂತೂ ನನಗೆ ಸರಿಯಾಗಿ ನೆನಪಿದೆ, ಯಾರೂ ಇಲ್ಲವೆಂದಿಲ್ಲ. ಸೋಮವಾರ ಸಂಜೆ ನಮ್ಮ ಓಣಿಯ ಹತ್ತು ಹನ್ನೆರಡು ಹೆಣ್ಣುಮಕ್ಕಳು ಒಬ್ಬೊಬ್ಬರ ಮನೆಯಲ್ಲಿ ಸರದಿಯಂತೆ ಕೂಡಿ ವಚನ ಹಾಡುತ್ತಿದ್ದರು. ನೀಲಮ್ಮ ಪೇಟಿ ಬಾರಿಸುತ್ತಿದ್ದಳು. ಎದುರು ಮನೆಯ ಸಂಗವ್ವ, ಅರವತ್ತು ದಾಟಿದವಳು, ಮುಂದಾಗಿ ಹಾಡುತ್ತಿದ್ದಳು. ನಾನು ಅತ್ತ ಹಾಯುತ್ತಿರಲಿಲ್ಲ. ಸೋಮವಾರ ಸಂಜೆ ನನಗೆ ತಪ್ಪದೆ ಉತ್ತರಪತ್ರಿಕೆಗಳಿರುತ್ತಿದ್ದವು, ರಜೆಯಲ್ಲೂ.

ಇಂಥ ನಮ್ಮ ಮನೆಗೆ ಎಪ್ಪತ್ತೊಂಬತ್ತರ ಮಳೆಗಾಲದ ಕೊನೆಗೋ, ಎಂಬತ್ತರ ಬೇಸಿಗೆಯ ಮೊದಲಿಗೋ ಗುರುಸಿದ್ಧ ಬಂದ. ನಾವಿಬ್ಬರೂ ಇಳಕಲ್ಲಿನವರು, ಒಂದೇ ಬೆಂಚಿನ ಗೆಳೆಯರು. ಅವರ ಮನೆಯಲ್ಲಿ ಮಗ್ಗಗಳಿದ್ದವು. ಅಣ್ಣಂದಿರು ಮಗ್ಗಕ್ಕಿಳಿದರೆ ಇವನು ಪಿಟೀಲು ಹಿಡಿದು ಮುಂಬಯಿಗೆ ಓಡಿಹೋದ. ಇಪ್ಪತ್ತು ವರ್ಷ ಅಲ್ಲಿ ಸಿನಿಮಾದ ವಾದ್ಯಮೇಳದಲ್ಲಿ ನುಡಿಸಿದ. ಈಗ ಪಿಟೀಲು ಬಿಟ್ಟು ಗಿಟಾರು ಹಿಡಿದಿದ್ದ. ಅದನ್ನು ಎದೆಗೆ ಆನಿಸಿಕೊಳ್ಳದೆ ತೊಡೆಯ ಮೇಲೆ ಅಡ್ಡ ಮಲಗಿಸಿ, ಉಕ್ಕಿನ ಸಣ್ಣ ಕೋಲೊಂದನ್ನು ತಂತಿಗಳ ಮೇಲೆ ಜಾರಿಸುತ್ತ ನುಡಿಸುತ್ತಿದ್ದ. ನೀಲಮ್ಮ ಅಡುಗೆಮನೆಯ ಬಾಗಿಲಿನಿಂದ ಸ್ವಲ್ಪ ಹೊತ್ತು ನೋಡಿ, ಕೂಸನ್ನ ತೊಡಿ ಮ್ಯಾಲೆ ಹಾಕ್ಕೊಂಡು ಎಣ್ಣಿ ಹಚ್ಚಿದಂಗ ಕಾಣ್ತೈತಿ ಎಂದಳು. ಗುರುಸಿದ್ಧನಿಗೆ ಈ ಮಾತು ಬಹಳ ಹಿಡಿಸಿತು. ಮುಂಬಯಿಯಲ್ಲಿ ಯಾವ ಪತ್ರಿಕೆಯವರೂ ತನ್ನ ವಾದ್ಯವನ್ನು ಇಷ್ಟು ಸರಿಯಾಗಿ ಅರ್ಥಮಾಡಿಕೊಂಡಿರಲಿಲ್ಲ ಎಂದ.

ಅವನಿಗೊಂದು ಸಿದ್ಧಾಂತವಿತ್ತು. ಮುಂಬಯಿಯಲ್ಲಿ ಭಾನುವಾರ ಒಂದು ಚರ್ಚಿನಲ್ಲಿ ನುಡಿಸುತ್ತಿದ್ದನಂತೆ, ಗುರುವಾರ ಒಂದು ದರ್ಗಾದಲ್ಲಿ ಹಾಡುವವರ ಜೊತೆ ಕೂಡುತ್ತಿದ್ದನಂತೆ, ಊರಿಗೆ ಬಂದಾಗ ಇಳಕಲ್ಲಿನ ಮಠದಲ್ಲಿ ವಚನಕ್ಕೆ ಸಾಥ್ ಕೊಡುತ್ತಿದ್ದನಂತೆ. ಮೂರೂ ಕಡೆ ಜನ ಕಣ್ಣೊರೆಸಿಕೊಳ್ಳುವುದನ್ನು ಗಮನಿಸಿದ. ಯಾವಾಗ ಒರೆಸಿಕೊಳ್ಳುತ್ತಾರೆ ಎಂದು ನೋಡಿದ. ಮೂರೂ ಕಡೆ ಅದು ಹಾಡು ಗಾಂಧಾರದ ಮೇಲೆ, ಸರಿಗಮದ ಆ 'ಗ'ದ ಮೇಲೆ, ನಿಂತಾಗ. ಅಂದರೆ ದೇವರು ಯಾರೇ ಇರಲಿ, ಕಣ್ಣೀರು ಬರುವ ಬಾಗಿಲು ಒಂದೇ. ಆದರೆ ಆ ಬಾಗಿಲಿನ ಹೊಸ್ತಿಲು ಒಂದೇ ಎತ್ತರದಲ್ಲಿಲ್ಲ. ಪಶ್ಚಿಮದವರ ಗಾಂಧಾರ ಕೂದಲೆಳೆಯಷ್ಟು ಮೇಲೆ, ನಮ್ಮವರದು ಕೂದಲೆಳೆಯಷ್ಟು ಕೆಳಗೆ. ಇವೆರಡೂ ಕೂಡುವ ಒಂದೇ ಒಂದು ಗಾಂಧಾರ ಸಿಕ್ಕರೆ ಸಾಕು, ಅದರ ಮೇಲೆ ಮಾತೇ ಇಲ್ಲದ ಒಂದು ಪ್ರಾರ್ಥನೆ ಕಟ್ಟುತ್ತೇನೆ, ಜಗತ್ತಿನ ಎಲ್ಲರೂ ಹಾಡಬಹುದು ಎಂದ. ಮಾತು ಯಾಕೆ ಬೇಡ ಎಂದು ಕೇಳಿದೆ. ಜಗಳ ಶುರುವಾಗುವುದು ಮಾತಿನಿಂದ ಎಂದ. ಹಾಗಾದರೆ ಪ್ರಾರ್ಥನೆ ಯಾರಿಗೆ ಎಂದು ಕೇಳಿದೆ. "ಯಾರು ಕೇಳ್ತಾರ ಅವರಿಗೆ" ಎಂದ. ಧಾರವಾಡದಲ್ಲಿ ಕಲಿತ ಯಾವ ಪ್ರಶ್ನೆಗೂ ಇದು ಸಿಕ್ಕಿಬೀಳುವ ಉತ್ತರವಾಗಿರಲಿಲ್ಲ.

ನಾನು ಅವನನ್ನು ಬಾದಾಮಿಗೆ ಕರೆದುಕೊಂಡು ಹೋದೆ. ಕೆರೆಯ ಮೆಟ್ಟಿಲ ಮೇಲೆ ಕೂತು ಅವನು ಗಿಟಾರಿನ ಒಂದು ತಂತಿ ಮೀಟಿದ. ಎದುರಿನ ಕೆಂಪು ಬಂಡೆ ಅದನ್ನು ಮರಳಿಸಿತು. "ನೋಡಲೇ, ಕಲ್ಲೂ ಓ ಅಂತೈತಿ" ಎಂದು ಕಣ್ಣು ಮುಚ್ಚಿದ. ಬಸ್ಸಿನ ಹಾರ್ನಿಗೂ ಅದು ಓ ಅನ್ನುತ್ತದೆ ಎಂದೆ. ಅವನು ಕಣ್ಣು ಮುಚ್ಚಿದ್ದ ಹೊತ್ತಿನಲ್ಲಿ ಒಂದು ಮಂಗ ಬಂದು ನಮ್ಮ ಬುತ್ತಿಯಿಂದ ರೊಟ್ಟಿ ಎತ್ತಿಕೊಂಡು ಹೋಯಿತು. ಅಧ್ಯಾತ್ಮಕ್ಕೆ ಕೂರುವವರು ಕಣ್ಣು ಮುಚ್ಚಬಾರದೆಂಬ ನನ್ನ ಬಹುದಿನದ ಅಭಿಪ್ರಾಯಕ್ಕೆ ಇದು ಸಾಕ್ಷ್ಯವಾಗಿ ಒದಗಿತು. ಅಲ್ಲಿಂದ ಪಟ್ಟದಕಲ್ಲಿಗೆ ಹೋದೆವು. ಉತ್ತರದ ಶೈಲಿಯ ಗುಡಿ, ಪಕ್ಕದಲ್ಲೇ ದಕ್ಷಿಣದ ಶೈಲಿಯ ಗುಡಿ. ಗುರುಸಿದ್ಧ ಕುಣಿದಾಡಿದ. ಇಷ್ಟು ಹಿಂದೆಯೇ ನಮ್ಮವರು ಎರಡನ್ನೂ ಕೂಡಿಸಿದ್ದಾರೆ ನೋಡು ಎಂದ. ಕೂಡಿಸಿಲ್ಲಪ್ಪ, ಪಕ್ಕಪಕ್ಕ ನಿಲ್ಲಿಸಿದ್ದಾರೆ, ಅಷ್ಟೇ ಎಂದೆ. ಎರಡೂ ಕಲಸಿದ್ದನ್ನು ನೋಡಬೇಕಾದರೆ ಬಾ ಎಂದು ಪಾಪನಾಥ ಗುಡಿಗೆ ಕರೆದೊಯ್ದು, ದಕ್ಷಿಣದ ಮೈಗೆ ಉತ್ತರದ ತಲೆ ಕೂರಿಸಿದ್ದು ತೋರಿಸಿ, ಇದು ಗೊಂದಲ ಎಂದೆ. ಅವನು ಬಹಳ ಹೊತ್ತು ತಲೆಯೆತ್ತಿ ನೋಡಿ, "ಗೊಂದಲ ಅಲ್ಲೋ. ಮಾಡಿ ನೋಡ್ಯಾರ" ಎಂದ. ನನ್ನದೇ ಮಾತನ್ನು ನನಗೇ ತಿರುಗಿಸಿದ್ದ.

ಹಿಂದಿರುಗುವಾಗ ಬಸ್ಸಿನಲ್ಲಿ ಅವನು ಪೇಟಿಯ ಮಾತೆತ್ತಿದ. ಪೇಟಿ ಹುಟ್ಟಿದ್ದು ಪಶ್ಚಿಮದಲ್ಲಿ, ಬೆಳೆದದ್ದು ನಮ್ಮ ಭಜನೆಯಲ್ಲಿ, ಹೀಗಾಗಿ ಎರಡೂ ಕೂಡುವ ಗಾಂಧಾರವನ್ನು ಅದರಲ್ಲೇ ಹುಡುಕಬೇಕು ಎಂದ. ಒಳಗೆ ಸಾಲಾಗಿ ಹಿತ್ತಾಳೆಯ ಸಣ್ಣ ನಾಲಿಗೆಗಳಿರುತ್ತವೆ, ಪಟ್ಟಿ ಒತ್ತಿದರೆ ಗಾಳಿಗೆ ನಡುಗಿ ನುಡಿಯುವುದು ಅವೇ. ನಾಲಿಗೆಯ ಬುಡದಲ್ಲಿ ತುಸು ಕೆರೆದರೆ ಸ್ವರ ಇಳಿಯುತ್ತದೆ, ತುದಿಯಲ್ಲಿ ಕೆರೆದರೆ ಏರುತ್ತದೆ ಎಂದು ವಿವರಿಸಿದ. ನಾನು ನಂಬಲಿಲ್ಲ. ಎರಡೂ ಕಡೆ ಕೆರೆದರೂ ಹಿತ್ತಾಳೆ ಕಡಿಮೆಯೇ ಆಗುವಾಗ ಒಮ್ಮೆ ಏರುವುದು ಒಮ್ಮೆ ಇಳಿಯುವುದು ಹೇಗೆ ಎಂದು ವಾದಿಸಿದೆ. ಅವನು ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದನೆಂದರೆ, ಇವತ್ತಿಗೂ ಕಣ್ಣು ಮುಚ್ಚಿದರೆ ಆ ತಣ್ಣನೆಯ ಹಿತ್ತಾಳೆ ನನ್ನ ಬೆರಳ ತುದಿಗೇ ತಾಗಿದಂತಾಗುತ್ತದೆ. ಕಡೆಗೆ, ನೀಲಮ್ಮನ ಪೇಟಿಯ ಮೇಲೆ ಮಾಡಿ ನೋಡಲೇನು ಎಂದು ಕೇಳಿದ. ನಾನು ಬೇಡ ಎಂದೆ. ಬೇಡ ಎಂದೇ ನನ್ನ ನೆನಪು. ಆದರೆ ಬಾದಾಮಿಯಿಂದ ಅಮೀನಗಡದವರೆಗಿನ ರಸ್ತೆಯಲ್ಲಿ ಬಸ್ಸಿನಲ್ಲಿ ಕೂತವರೆಲ್ಲರ ತಲೆಯೂ ಎಲ್ಲದಕ್ಕೂ ಹೂಂ ಎನ್ನುತ್ತಿರುತ್ತದೆ. ನನ್ನದೂ ಅಂದಿರಬೇಕು.

ಮರುದಿನ ಇಳಕಲ್ಲಿನಲ್ಲಿ ಅವನ ಅಣ್ಣನ ಮಗ್ಗದ ಮುಂದೆ ನಿಂತಾಗ ವಿಷಯ ಪೂರ್ತಿ ಕೈಮೀರಿತು. ಇಳಕಲ್ಲ ಸೀರೆಯ ಮೈಗೆ ಒಂದು ಹಾಸು, ಅಂದರೆ ಉದ್ದದ ಎಳೆಗಳ ಸಾಲು, ಸೆರಗಿಗೆ ಇನ್ನೊಂದು. ಮೈಯದು ಹತ್ತಿಯ ನೂಲು, ಸೆರಗಿನದು ಕೆಂಪು ರೇಷ್ಮೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಅವನು ಚಿಕ್ಕಂದಿನಿಂದ ನೋಡಿದ್ದೇ. ಆದರೆ ಆವತ್ತು ಮೊದಲ ಸಲ ನೋಡಿದವನಂತೆ ಬಾಯಿಬಿಟ್ಟು ನಿಂತ. ಸ್ವರಕ್ಕೆ ಸ್ವರ ಹೀಗೇ ಕೊಂಡಿ ಹಾಕಬೇಕು, ಗಾಂಧಾರವೇ ಆ ಕೊಂಡಿ ಎಂದ. ಅವನ ಅಣ್ಣ ತಲೆಯೆತ್ತದೆ, "ಇದು ಹರದ್ರ ಮತ್ತ ಗಂಟ ಹಾಕಬಹುದಲೇ. ಹಿತ್ತಾಳಿ ಕೆರದ್ರ ಏನ ಹಾಕತಿ?" ಎಂದು ಕೇಳಿದ. ಇಡೀ ಪ್ರಕರಣದಲ್ಲಿ ಬುದ್ಧಿವಂತಿಕೆಯ ಮಾತು ಅದೊಂದೇ. ಗುರುಸಿದ್ಧ ಅದನ್ನು ಕೇಳಿಸಿಕೊಳ್ಳದೆ ಪತ್ತಾರರ ಅಂಗಡಿಗೆ ಹೋಗಿ, ಬಂಗಾರ ಉಜ್ಜುವ ಒಂದು ಸಣ್ಣ ಅರ ತಂದ.

ಇನ್ನು ಆ ಮಂಗಳವಾರ. ನೀಲಮ್ಮ ಕಮತಗಿಗೆ ಸಂಬಂಧಿಕರ ಮದುವೆಗೆ ಹೋಗಿದ್ದಳು. ನನ್ನ ನೆನಪು ಹೀಗಿದೆ: ಪಡಸಾಲೆಯಲ್ಲಿ ಹಳೆಯ ವೃತ್ತಪತ್ರಿಕೆ ಹಾಸಿ, ಅದರ ಮೇಲೆ ಪೇಟಿ ಬಿಚ್ಚಿಟ್ಟುಕೊಂಡು ಗುರುಸಿದ್ಧ ಕೂತಿದ್ದಾನೆ. ನಾನು ಒಳಗಿನ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೇನೆ. ಹೊರಗಿನಿಂದ ಅರ ಉಜ್ಜುವ ಕಿರ್ ಕಿರ್ ಸದ್ದು, ಆಮೇಲೆ ಗಾಂಧಾರ. ಮತ್ತೆ ಕಿರ್ ಕಿರ್, ಮತ್ತೆ ಗಾಂಧಾರ. ಮೊದಲು ತುಸು ಇಳಿಯಿತು. ಆಮೇಲೆ ಬಹಳ ಇಳಿಯಿತು. ಏರಿಸಲು ಹೋದಾಗ ಏರಿತು, ಆದರೆ ಏರುತ್ತ ನಡುಗತೊಡಗಿತು. ಮತ್ತೆ ಇಳಿಸಿದ. ಕಡೆಗೆ ಅದು ಎರಡು ಮೆಟ್ಟಿಲ ನಡುವೆ ಕಾಲಿಡಲು ತಾವಿಲ್ಲದ ಕಡೆ ಕಾಲಿಟ್ಟು ನಿಂತವನ ಹಾಗೆ ನಿಂತಿತು, ಪೂರ್ವಕ್ಕೂ ಅಲ್ಲ, ಪಶ್ಚಿಮಕ್ಕೂ ಅಲ್ಲ. ನಾಲಿಗೆ ಎಷ್ಟು ತೆಳುವಾಗಿತ್ತೆಂದರೆ ಇನ್ನು ಮುಟ್ಟುವಂತಿರಲಿಲ್ಲ. ಗುರುಸಿದ್ಧ ಮಧ್ಯಾಹ್ನದ ಬಸ್ಸಿಗೆ ಇಳಕಲ್ಲಿಗೆ ಹೋದ. ಅಲ್ಲಿ ಅವನಿಗೆ ಮುಂಬಯಿಯಿಂದ ತಂತಿ ಸಂದೇಶ ಬಂದಿತ್ತಂತೆ, ಅಲ್ಲಿಂದಲೇ ಹೊರಟುಹೋದ. ನಾನು ಪೇಟಿಯನ್ನು ಮುಚ್ಚಲು ನೋಡುತ್ತಿದ್ದಾಗ ನೀಲಮ್ಮ ಬಂದಳು.

ಆಕೆ ಚಪ್ಪಲಿ ಬಿಟ್ಟವಳೇ ಪೇಟಿಯ ಮುಂದೆ ಕೂತು, ಅಪ್ಪನ ಬೆರಳು ಸವೆಸಿದ ಪಟ್ಟಿಗಳನ್ನು ಒಂದೊಂದಾಗಿ ಒತ್ತುತ್ತ ಬಂದಳು. ಸ, ರಿ. ಗಾಂಧಾರಕ್ಕೆ ಬಂದು ನಿಂತಳು. ಮತ್ತೊಮ್ಮೆ ಒತ್ತಿದಳು. ಯಾರು ಮಾಡಿದ್ದು ಎಂದು ಕೇಳಿದಳು. ಗುರುಸಿದ್ಧ ಎಂದೆ. ನೀವು ಹೂಂ ಅಂದ್ರೇನು ಎಂದಳು. ಬಸ್ಸಿನಲ್ಲಿ ತಲೆ ಅಲ್ಲಾಡಿರಬೇಕು ಎಂದೆ. ಆಕೆ ನನ್ನ ಮುಖವನ್ನು ನೋಡಲಿಲ್ಲ, ಅಂಗಿಯ ತೋಳನ್ನು ನೋಡಿದಳು. ಚಹಾ ಚೆಲ್ಲಿಕೊಂಡಿದ್ದೆ ಅಂತ ಕಾಣುತ್ತದೆ. ಆಮೇಲೆ ಎದ್ದು ಒಳಗೆ ಹೋದಳು. ಬೈದಿದ್ದರೆ ವಾದಿಸಬಹುದಿತ್ತು, ವಾದದಲ್ಲಿ ನಾನು ಗಟ್ಟಿಗ. ಆಕೆ ಬೈಯಲಿಲ್ಲ. ನಾಲ್ಕು ದಿನ ರೊಟ್ಟಿ ಬಿಸಿಯಾಗಿಯೇ ಬಂತು, ಪಲ್ಯಕ್ಕೆ ಉಪ್ಪು ಸರಿಯಾಗಿಯೇ ಇತ್ತು, ಮಾತು ಮಾತ್ರ ಇರಲಿಲ್ಲ. ಬಾಗಲಕೋಟೆಯಲ್ಲಿ ಪೇಟಿ ದುರಸ್ತಿ ಮಾಡುವವರೊಬ್ಬರಿದ್ದಾರೆ, ಹೊಸ ನಾಲಿಗೆ ಹಾಕಿಸಿಕೊಂಡು ಬರುತ್ತೇನೆ ಎಂದೆ. "ನಮ್ಮಪ್ಪನ ಪೇಟಿ ಇನ್ನೊಬ್ಬರು ಬಿಚ್ಚೂದು ಬ್ಯಾಡ" ಎಂದಳು. ಆ ವಾರದ ಮಾತು ಅಷ್ಟೇ.

ಸೋಮವಾರ ಬಂತು. ಅವತ್ತು ಸಂಗವ್ವನ ಮನೆಯ ಸರದಿ. ಪೇಟಿ ಹೊರುವ ಶಿಕ್ಷೆ ನನಗೆ ಆವತ್ತಿನಿಂದ ಆಯಿತು. ಎದುರು ಮನೆಗೇ ಹೋಗುವುದಾದರೂ ಹೆಗಲ ಮೇಲೆ ಹೊತ್ತೆ. ಹೊರಗಿನ ಕಟ್ಟೆಯ ಮೇಲೆ ಕೂತೆ. ಒಳಗೆ ಹಾಡು ಶುರುವಾಯಿತು. ಗಾಂಧಾರ ಬಂದಾಗ ಪೇಟಿ ಒಂದು ಕಡೆ, ಹನ್ನೆರಡು ಹೆಣ್ಣುಮಕ್ಕಳು ಇನ್ನೊಂದು ಕಡೆ. ಯಾರೋ ಕಿಸಕ್ಕೆಂದರು. ಹಾಡು ನಿಂತಿತು. ನೀಲಮ್ಮ ಏನಾದರೂ ಹೇಳುತ್ತಾಳೆ, ನನ್ನ ಹೆಸರು ಓಣಿಯ ತುಂಬ ಆಗುತ್ತದೆ ಎಂದು ನಾನು ಕಟ್ಟೆಯ ತುದಿಗೆ ಸರಿದು ಕೂತೆ. ಆದರೆ ಮಾತಾಡಿದ್ದು ಸಂಗವ್ವ. "ಪೇಟಿಗೆ ವಯಸ್ಸಾಗೇತಿ ಬಿಡ್ರವಾ. ನನ್ನ ಸೊಂಟಕ್ಕ ನೀವು ನಿಂತು ನಿಂತು ನಡಿಯೂದಿಲ್ಲೇನು, ಹಂಗ ಇದರ ಕೂಡನೂ ನಡದ್ರಾತು" ಎಂದು ಮತ್ತೆ ಎತ್ತಿಕೊಂಡಳು. ಈ ಸಲ ಗಾಂಧಾರ ಬಂದಾಗ ಆಕೆ ದನಿಯನ್ನು ತುಸು ಬಾಗಿಸಿ ಪೇಟಿಯ ಪಕ್ಕ ಕೂರಿಸಿದಳು. ಎರಡನೆಯ ಸಾಲಿಗೆ ಇನ್ನೂ ಮೂವರು ಬಾಗಿದರು. ಮುಗಿಯುವ ಹೊತ್ತಿಗೆ ಎಲ್ಲರೂ. ಕಟ್ಟೆಯ ಮೇಲೆ ಕೂತ ನನಗೆ ಕಣ್ಣಿಗೆ ಏನೋ ಬಿದ್ದಿತು. ಪಕ್ಕದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು ಎಂದು ನನ್ನ ನೆನಪು.

ಎಂಟು ವರ್ಷ ಹೊತ್ತೆ. ಸೋಮವಾರಕ್ಕೊಂದು ಮನೆಯಂತೆ ಹುನಗುಂದದ ಎಷ್ಟು ಕಟ್ಟೆಗಳ ಮೇಲೆ ಕೂತಿದ್ದೇನೋ ಲೆಕ್ಕವಿಲ್ಲ. ದೇವರನ್ನು ನಂಬದವನು ವಾರ ತಪ್ಪದೆ ಭಜನೆಗೆ ಹೋಗುವುದನ್ನು ಕಂಡು ಊರಿನವರು ತಮಗೆ ತಿಳಿದ ಅರ್ಥ ಮಾಡಿಕೊಂಡರು. ಎದುರಿಗೆ ಸಿಕ್ಕವರು 'ಶರಣ್ರೀ ಸರ' ಎನ್ನುವಾಗ ದನಿಯಲ್ಲಿ ಹೊಸದೊಂದು ಮೆತ್ತನೆ ಸೇರಿತು. ಬಸವ ಜಯಂತಿಗೆ ಅಧ್ಯಕ್ಷತೆಗೆ ಕರೆದರು. ನಾನು ನಂಬುವವನಲ್ಲ ಎಂದು ವೇದಿಕೆಯ ಮೇಲೆಯೇ ಹೇಳಿದೆ. ಎಷ್ಟು ವಿನಯ ನೋಡಿ ಎಂದು ಚಪ್ಪಾಳೆ ತಟ್ಟಿದರು. ಇತ್ತ ಗಾಂಧಾರ ತನ್ನ ಪಾಡಿಗೆ ತಾನು ಬೆಳೆಯುತ್ತಿತ್ತು. ಪೇಟಿ ಇಲ್ಲದಾಗಲೂ ಹೆಣ್ಣುಮಕ್ಕಳು ಹಾಗೆಯೇ ಹಾಡತೊಡಗಿದರು. ರೊಟ್ಟಿ ಬಡಿಯುವಾಗ, ಜೋಳ ಹಸನು ಮಾಡುವಾಗ ಅದೇ ಬಾಗಿದ ಸ್ವರ. ಓಣಿಯ ಹುಡುಗಿಯರು ಮದುವೆಯಾಗಿ ರಾಮಥಾಳಕ್ಕೆ, ಅಮೀನಗಡಕ್ಕೆ ಹೋದರು, ಗಾಂಧಾರವೂ ಅವರ ಜೊತೆ ಹೋಯಿತು.

ಹೀಗಿರುವಾಗ ಎಂಬತ್ತೇಳರ ಒಂದು ಸೋಮವಾರ ಗುರುಸಿದ್ಧ ಮತ್ತೆ ಬಂದ. ಗಡ್ಡ ಬೆಳ್ಳಗಾಗಿತ್ತು. ಗಿಟಾರು ಇರಲಿಲ್ಲ, ಟೇಪ್ ರೆಕಾರ್ಡರ್ ಇತ್ತು. ಎರಡೂ ಕೂಡುವ ಗಾಂಧಾರವನ್ನು ಮುಂಬಯಿಯಲ್ಲಿ ಹುಡುಕಿದ್ದನಂತೆ, ಗೋವೆಯಲ್ಲಿ ಹುಡುಕಿದ್ದನಂತೆ. ಸಿಗಲಿಲ್ಲ, ಕೈಚೆಲ್ಲಿ ಕೂತಿದ್ದೇನೆ ಎಂದ. ಸಂಜೆ ನಾನು ಪೇಟಿ ಹೊತ್ತು ಹೊರಟಾಗ ಅವನೂ ಬಂದು ಸಂಗವ್ವನ ಕಟ್ಟೆಯ ಮೇಲೆ ನನ್ನ ಪಕ್ಕ ಕೂತ. ಹಾಡು ಶುರುವಾಯಿತು. ಗಾಂಧಾರ ಬಂತು. ಅವನು ನನ್ನ ಮೊಣಕೈ ಹಿಡಿದ. ಎರಡನೆಯ ಸಲ ಬಂತು. ಅವನ ಗಡ್ಡ ಒದ್ದೆಯಾಗಿತ್ತು. "ಇದ ಅಲ್ಲೇನೋ" ಎಂದ, "ಇದ. ಚರ್ಚಿನಾಗೂ ಕೂಡತೈತಿ, ದರ್ಗಾದಾಗೂ ಕೂಡತೈತಿ. ಇವರಿಗೆ ಇದು ಯಾರು ಕೊಟ್ರೋ?"

ನೀನೇ ಅಲ್ಲವೇನೋ ಪುಣ್ಯಾತ್ಮ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಒಳಗೆ ಹೋಗಿ, ಕೈಮುಗಿದು, ಟೇಪ್ ರೆಕಾರ್ಡರ್ ಹಚ್ಚಿ ಸಂಗವ್ವನನ್ನು ಕೇಳಿಯೇಬಿಟ್ಟ. ಸಂಗವ್ವ ಒಂದಿಷ್ಟೂ ಯೋಚಿಸದೆ, ನಮ್ಮ ಅತ್ತಿ ಹಿಂಗ ಹಾಡ್ತಿದ್ಲು ಎಂದಳು. ನಾನು ಬಾಗಿಲಲ್ಲಿ ನಿಂತು ಕೆಮ್ಮಿದೆ. ಅವನು ನೀಲಮ್ಮನ ಕಡೆ ತಿರುಗಿದ. ಅವಳಿಗೆ ಸತ್ಯ ಗೊತ್ತು. ನಾಲ್ಕು ದಿನ ಮಾತು ಬಿಟ್ಟವಳು ಅವಳೇ. ನೀಲಮ್ಮ ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಪೇಟಿಯ ಮೇಲೆ ಕೈಯಿಟ್ಟು, "ನಮ್ಮಪ್ಪನ ಕಾಲದಿಂದನೂ ಹಿಂಗ ಐತ್ರಿ" ಎಂದಳು. ಟೇಪು ತಿರುಗುತ್ತಿತ್ತು. ಸುಳ್ಳು ಸಾಕ್ಷ್ಯವೊಂದು ನನ್ನ ಕಣ್ಣೆದುರಿಗೇ ಶಾಸನವಾಗುತ್ತಿತ್ತು. ಇತಿಹಾಸದ ಮೇಷ್ಟ್ರು ಬಾಗಿಲಲ್ಲಿ ನಿಂತು ಇನ್ನೊಮ್ಮೆ ಕೆಮ್ಮಿದರು.

ಮನೆಗೆ ಬಂದು ಪೇಟಿ ಇಳಿಸಿದ ಕೂಡಲೇ ಗುರುಸಿದ್ಧನನ್ನು ಪಡಸಾಲೆಯಲ್ಲಿ ಹಿಡಿದು ಕೂರಿಸಿದೆ. ಆ ಗಾಂಧಾರ ಕೆರೆದವನು ನೀನೇ, ಇದೇ ಜಾಗದಲ್ಲಿ ಕೂತು ಕೆರೆದೆ, ನಾನು ಒಳಗಿನಿಂದ ಸದ್ದು ಕೇಳಿದ್ದೇನೆ ಎಂದೆ. ಅವನು ನನ್ನನ್ನು ಕನಿಕರದಿಂದ ನೋಡಿದ. ಪೇಟಿ ಬಿಚ್ಚಿದ್ದು ಹೌದಂತೆ. ಆದರೆ ಅರ ಹಚ್ಚುವ ಹೊತ್ತಿಗೆ ನಾನು ಕೋಣೆಯಿಂದ ಓಡಿಬಂದು, ಬೇಡವೆಂದು ಅವನ ಕೈಯಿಂದ ಅರ ಕಸಿದುಕೊಂಡೆನಂತೆ. "ನೀ ಬ್ಯಾಡಂದ ಮ್ಯಾಲೆ ನಾ ಮುಟ್ಟಲೇ ಇಲ್ಲೋ. ಎಂಟರ ಬಸ್ಸಿಗೆ ಇಳಕಲ್ಲಿಗೆ ಹೋದೆ. ನೀನ ಮುಚ್ಚಿ ಇಡತೇನಿ ಅಂದಿ."

ಅಂದರೆ ಬೇಡ ಎಂದದ್ದು ನಿಜ! ಎಂಟು ವರ್ಷದ ಮೇಲೆ ನನ್ನ ನೆನಪಿನ ಪರವಾಗಿ ಒಬ್ಬ ಸಾಕ್ಷಿ ಸಿಕ್ಕ ಸಂತೋಷ ಎಷ್ಟಿತ್ತೆಂದರೆ, ಆ ಸಾಕ್ಷಿಯ ಇನ್ನುಳಿದ ಮಾತು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವನು ಎಂಟಕ್ಕೇ ಹೋಗಿದ್ದರೆ ಮಧ್ಯಾಹ್ನದವರೆಗೆ ಕಿರ್ ಕಿರ್ ಎಂದದ್ದು ಯಾವುದು? ಆ ಅರ ಎಲ್ಲಿ ಎಂದು ಕೇಳಿದೆ. "ನಂಗೇನ ಗೊತ್ತಲೇ, ಕಸ್ಕೊಂಡಾವ ನೀನು" ಎಂದು ನಕ್ಕು, ಟೇಪ್ ರೆಕಾರ್ಡರನ್ನು ಕೂಸಿನಂತೆ ಬಗಲಲ್ಲಿ ಅವುಚಿಕೊಂಡು ಬಾಗಲಕೋಟೆಯ ಬಸ್ಸು ಹಿಡಿದ.

ನಾನು ಕೋಣೆಗೆ ಹೋಗಿ ಮೇಜಿನ ಡ್ರಾಯರ್ ಎಳೆದೆ. ಹುಡುಕುವ ಕೆಲಸವೇ ಇರಲಿಲ್ಲ. ಎಂಟು ವರ್ಷದಿಂದ ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಿದ್ದ ಸಣ್ಣ ಅರ ಅಲ್ಲೇ ಇತ್ತು. ಅದು ನನ್ನ ಡ್ರಾಯರಿಗೆ 'ಎಲ್ಲಿಂದ ಬಂತು' ಎಂದು ಸಾಕ್ಷಿ ಸರ್ ಒಂದು ದಿನವೂ ಕೇಳಿಕೊಂಡಿರಲಿಲ್ಲ. ದೀಪದ ಬೆಳಕಿಗೆ ಹಿಡಿದೆ. ಹಲ್ಲುಗಳ ನಡುವೆ ಪೆನ್ಸಿಲಿನ ಕಪ್ಪು, ಕಪ್ಪಿನ ಕೆಳಗೆ ಹಿತ್ತಾಳೆಯ ಹಳದಿ. ಬುಡ ಕೆರೆದರೆ ಇಳಿಯುತ್ತದೆ, ತುದಿ ಕೆರೆದರೆ ಏರುತ್ತದೆ ಎಂಬುದನ್ನು ನಂಬದವನು ಈ ಮನೆಯಲ್ಲಿ ಒಬ್ಬನೇ ಇದ್ದ. ಅವನ ಮುಂದೆ ಬಿಚ್ಚಿದ ಪೇಟಿ ಇತ್ತು, ಕೈಯಲ್ಲಿ ಕಸಿದುಕೊಂಡ ಅರ ಇತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಅವನು ಪ್ರತಿ ಜೂನ್ ತಿಂಗಳು ಏನು ಹೇಳುತ್ತಿದ್ದ ಎಂದು ನೂರಾರು ವಿದ್ಯಾರ್ಥಿಗಳು ಸಾಕ್ಷಿ ಹೇಳಬಲ್ಲರು. ಇಷ್ಟಾದರೂ ಪಡಸಾಲೆಯಲ್ಲಿ ಕೂತು ಕೆರೆಯುತ್ತಿರುವ ಗುರುಸಿದ್ಧ ನನ್ನ ಕಣ್ಣ ಮುಂದೆ ಹಾಗೇ ಇದ್ದಾನೆ, ನೀಲಿ ಜುಬ್ಬಾ ಹಾಕಿಕೊಂಡು. ಆಮೇಲೆ ಹೊಳೆಯಿತು: ಅವನು ಯಾವತ್ತೂ ಜುಬ್ಬಾ ಹಾಕಿದವನಲ್ಲ. ನೀಲಿ ಜುಬ್ಬಾ ನನ್ನದು.

ಅರವನ್ನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ನೀಲಮ್ಮ ಹಿಟ್ಟು ನಾದುತ್ತಿದ್ದಳು. ಮಾತು ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, ನಿನಗೆ ಗೊತ್ತಿತ್ತೇನು ಎಂದು ಕೇಳಿದೆ. ಆಕೆ ಅರದ ಕಡೆ ನೋಡಿ, ಕೈ ನಿಲ್ಲಿಸದೆ ಹೇಳಿದಳು:

"ನಿಮ್ಮ ಅಂಗಿ ತೋಳಿನ ಮ್ಯಾಲಿನ ಹಿತ್ತಾಳಿ ಪುಡಿ ಒಗದಾಕಿ ಯಾರ್ರಿ?"

ಮತ್ತೆ ಎಂಟು ವರ್ಷ ಯಾಕೆ ಸುಮ್ಮನಿದ್ದೆ ಎಂದೆ. ನೀವು ಹೇಳ್ತೀರೇನು ಅಂತ ನೋಡಿದೆ, ನೀವು ಹೇಳಲಿಲ್ಲ. ಆಮೇಲೆ ನಿಮಗ ಖರೇನ ನೆನಪಿಲ್ಲ ಅಂತ ತಿಳೀತು, ನೆನಪಿಲ್ಲದಾವರ ಕೂಡ ಏನ ಜಗಳಾಡೂದು ಎಂದಳು. ಹಾಗಾದರೆ ಪೇಟಿ ಹೊರುವ ಶಿಕ್ಷೆ ಯಾಕೆ ಕೊಟ್ಟೆ ಎಂದೆ. ಆಗ ಆಕೆಯ ಕೈ ನಿಂತಿತು. ಆಶ್ಚರ್ಯದಿಂದ ತಿರುಗಿ ನೋಡಿದಳು.

"ನಾ ಯಾವಾಗ ಹೊರ್ರಿ ಅಂದೆ? ಆ ಸೋಮವಾರ ನೀವ ಎತ್ತಿ ಹೆಗಲಿಗೆ ಹಾಕ್ಕೊಂಡು ಹೊಂಟ್ರಿ. ಅದನ್ನ ನೋಡೇ ನನ್ನ ಸಿಟ್ಟು ಇಳೀತು."

ಅಪ್ಪನ ಕಾಲದಿಂದ ಹೀಗೇ ಇದೆ ಎಂದು ಟೇಪಿನಲ್ಲಿ ಸುಳ್ಳು ಹೇಳಿದೆಯಲ್ಲ ಎಂದು ಕೇಳಬೇಕೆಂದಿದ್ದೆ. ಕೇಳಲಿಲ್ಲ. ಕೇಳಿದ್ದರೆ ಅದೂ ನಿಜವಾಗಿಬಿಡುವ ಸಂಭವವಿತ್ತು. ಗುಳೇದಗುಡ್ಡದಲ್ಲಿ ಮಾವನವರು ನುಡಿಸಿದ್ದನ್ನು ನಾನೂ ಕೇಳಿದ್ದೇನೆ. ಆಗ ಗಾಂಧಾರ ತುಸು ಬಾಗಿತ್ತೇನೋ ಎಂದು ಈಗೀಗ ಅನ್ನಿಸುತ್ತಿದೆ. ಆವತ್ತು ಆಕೆ ಉಟ್ಟಿದ್ದ ಸೀರೆ ಕೂಡ ಈಗೀಗ ಅಷ್ಟು ಹಸಿರಾಗಿ ಕಾಣುತ್ತಿಲ್ಲ.

ಮುಂದಿನ ಸೋಮವಾರ ಸಂಜೆ ನೀಲಮ್ಮ ಸೀರೆಯ ನಿರಿಗೆ ಸರಿಮಾಡಿಕೊಂಡು ಬಾಗಿಲಲ್ಲಿ ನಿಂತಳು. ಏನೂ ಹೇಳಲಿಲ್ಲ. ಈ ಸಲ ನಾನು ಗಮನವಿಟ್ಟು ನೋಡಿದೆ, ನಿಜವಾಗಿಯೂ ಏನೂ ಹೇಳಲಿಲ್ಲ. ನಾನೇ ಹೋಗಿ ಪೇಟಿ ಎತ್ತಿದೆ. ಯಾರ ಒತ್ತಾಯವೂ ಇಲ್ಲದೆ ಎತ್ತಿದ್ದರಿಂದ ಅದು ಹೂವಿನಷ್ಟು ಹಗುರಾಯಿತು ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಆಗಲಿಲ್ಲ. ಅದು ಯಾವತ್ತಿನಷ್ಟೇ ಭಾರವಿತ್ತು. ಇದೊಂದನ್ನು ಮಾತ್ರ ನಾನು ಯಾರ ಮುಂದೆ ಬೇಕಾದರೂ ಖಾತ್ರಿಯಾಗಿ ಹೇಳಬಲ್ಲೆ.